ಆ 6ನೇ ನಂಬರಿನ ಆಟಗಾರ ಯಾರು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಫುಟ್‌ಬಾಲ್ ವಿಶ್ವಕಪ್ ಫೋಟೋಗಳಲ್ಲಿ ಒಬ್ಬ ಆಟಗಾರ ಅಳುತ್ತಿರುವ ಚಿತ್ರ ಇತ್ತು. ಕೆಳಗೆ 'ಪೆನಾಲ್ಟಿ ಮಿಸ್ ಮಾಡಿದ ಬರೇಸಿ, 1994' ಅಂತ ಅಷ್ಟೇ ಹಾಕಿದ್ದೀರಿ. ನನ್ನ ಮಗನಿಗೆ 13 ವರ್ಷ. ಶಾಲೆಯ ತಂಡದಲ್ಲಿ ಅವನನ್ನು ಡಿಫೆಂಡರ್ ಮಾಡಿದ್ದಾರೆ, ಅದೇ ಅವನಿಗೆ ಬೇಜಾರು. ಚಿತ್ರ ನೋಡಿ ಕೇಳಿದ: 'ಅಮ್ಮ, ಇವರೂ ಡಿಫೆಂಡರ್ ಅಂತೆ. ಅಷ್ಟು ವರ್ಷ ಆಡಿದವರನ್ನ ಇದೊಂದಕ್ಕೇನಾ ನೆನಪಿಟ್ಟುಕೊಳ್ಳೋದು?' ನನಗೆ ಉತ್ತರ ಗೊತ್ತಾಗಲಿಲ್ಲ."

ನಿಮ್ಮ ಮಗ ಕೇಳಿದ್ದು ಸರಿಯಾಗಿಯೇ ಇದೆ. ಆ ಅಡಿಬರಹ ಬರೆದದ್ದು ನಾನು. ಒಂದೇ ಸಾಲಿಗೆ ಜಾಗ ಇತ್ತು. ಆ ಒಂದು ಸಾಲಿನಲ್ಲಿ ಅವರ ಸೋಲನ್ನಷ್ಟೇ ಬರೆದೆ. ಪತ್ರ ಓದಿದಾಗಿನಿಂದ ಅದೇ ಕೊರೆಯುತ್ತಿದೆ. ಹಾಗಾಗಿ ಈ ಪುಟ ಪೂರ್ತಿ ಫ್ರಾಂಕೊ ಬರೇಸಿ ಅವರಿಗೆ.

ಇಟಲಿಯ ಬ್ರೆಶಾ ಹತ್ತಿರ ತ್ರಾವಲ್ಯಾತೊ ಅಂತ ಒಂದು ಸಣ್ಣ ಊರು. ಬರೇಸಿ ಹುಟ್ಟಿದ್ದು ಅಲ್ಲಿ, 1960ರ ಮೇ 8ರಂದು. ಅಣ್ಣ ಜುಸೆಪ್ಪೆಯನ್ನು ಇಂಟರ್ ಮಿಲಾನ್ ಕ್ಲಬ್ ಸೇರಿಸಿಕೊಂಡಿತು. ತಮ್ಮನೂ ಅಲ್ಲಿಗೇ ಹೋದ. ಇನ್ನೂ ಚಿಕ್ಕವನು, ಮೈಕಟ್ಟು ಸಾಲದು ಅಂತ ವಾಪಸ್ ಕಳಿಸಿದರು. ಮಿಲಾನ್ ನಗರದ ಇನ್ನೊಂದು ಕ್ಲಬ್ ಎಸಿ ಮಿಲಾನ್ ಅವನನ್ನು ತೆಗೆದುಕೊಂಡಿತು. ಹದಿಹರೆಯದಲ್ಲೇ ತಾಯಿ ಹೋದರು, ಆಮೇಲೆ ತಂದೆಯೂ ಹೋದರು. ಮಿಲಾನ್‌ನಲ್ಲಿ ಅವನನ್ನು 'ಪಿಶಿನಿನ್' ಅಂತ ಕರೆಯುತ್ತಿದ್ದರು. ಅಲ್ಲಿನ ಆಡುಮಾತಿನಲ್ಲಿ ಹಾಗೆಂದರೆ ಪುಟ್ಟ. ದೊಡ್ಡವನಾದ ಮೇಲೂ ಎತ್ತರ 176 ಸೆಂಟಿಮೀಟರ್ ಅಷ್ಟೇ. ಡಿಫೆಂಡರ್‌ಗೆ ಅದು ಕಡಿಮೆಯೇ. ಮುಂದೆ ಅಣ್ಣ ಇಂಟರ್‌ಗೆ, ತಮ್ಮ ಎಸಿ ಮಿಲಾನ್‌ಗೆ ಕ್ಯಾಪ್ಟನ್ ಆದರು.

1978ರಲ್ಲಿ, 18 ತುಂಬುವ ಮೊದಲೇ, ಬರೇಸಿ ಮೊದಲ ಪಂದ್ಯ ಆಡಿದರು. ಮರುವರ್ಷವೇ ಲೀಗ್ ಗೆದ್ದರು. ಅದರ ಮರುವರ್ಷ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಸಿಕ್ಕಿ ಕ್ಲಬ್ ಎರಡನೇ ದರ್ಜೆಗೆ ಇಳಿಯಿತು. ಹೇಗೋ ಮೇಲೆ ಬಂದರೆ, 1982ರಲ್ಲಿ ಆಟವೇ ಕೆಟ್ಟು ಮತ್ತೆ ಇಳಿಯಿತು. ಆ ಬೇಸಿಗೆಯ ಕಥೆ ನಿಮ್ಮ ಮಗನಿಗೆ ಹೇಳಿ. ಜುಲೈನಲ್ಲಿ ಇಟಲಿ ವಿಶ್ವಕಪ್ ಗೆದ್ದಿತು. 22 ವರ್ಷದ ಬರೇಸಿ ಆ ತಂಡದಲ್ಲಿದ್ದರು, ಆದರೆ ಒಂದು ನಿಮಿಷವೂ ಆಡಲಿಲ್ಲ. ಅಲ್ಲಿಂದ ಬಂದು ಎರಡನೇ ದರ್ಜೆಯ ಲೀಗಿನಲ್ಲಿ ಆಡಿದರು, ಅದೇ ಕ್ಲಬ್ಬಿನ ಕ್ಯಾಪ್ಟನ್ ಆಗಿ. ಕ್ಲಬ್ ಬಿಡಲಿಲ್ಲ. 1997ರಲ್ಲಿ ಆಟ ನಿಲ್ಲಿಸುವವರೆಗೂ ಬಿಡಲಿಲ್ಲ.

ಈಗ ಅವರ ಕೆಲಸ ಏನು ಅಂತ ಹೇಳಬೇಕು. ಸ್ಕೋರ್ ನೋಡಿದರೆ ಅದು ಕಾಣುವುದೇ ಇಲ್ಲ.

1987ರಲ್ಲಿ ಅರಿಗೊ ಸಾಕ್ಕಿ ಕೋಚ್ ಆಗಿ ಬಂದರು. ಅಲ್ಲಿಯವರೆಗೆ ಇಟಲಿಯಲ್ಲಿ ಡಿಫೆಂಡರ್ ಅಂದರೆ ಹೆಚ್ಚಾಗಿ ಒಬ್ಬ ಎದುರಾಳಿಯನ್ನು ಹಿಡಿದು ಅವನ ಬೆನ್ನು ಬಿಡದೆ ಓಡುವವನು. ಎಲ್ಲರ ಹಿಂದೆ ಒಬ್ಬ ಸ್ವೀಪರ್, ಅಂದರೆ ಉಳಿದವರನ್ನು ದಾಟಿ ಬಂದದ್ದನ್ನು ತಡೆಯುವವನು. ಸಾಕ್ಕಿ ಅದನ್ನು ತೆಗೆದುಹಾಕಿದರು. ನಾಲ್ಕು ಜನ ಒಂದೇ ಗೆರೆಯಲ್ಲಿ ನಿಲ್ಲಬೇಕು, ಮುಂದೆ ಹೋದರೂ ಹಿಂದೆ ಬಂದರೂ ಒಟ್ಟಿಗೇ. ತಸೊತ್ತಿ, ಕೊಸ್ತಾಕುರ್ತಾ, ಬರೇಸಿ, ಮಾಲ್ದೀನಿ. ಆ ಗೆರೆ ಯಾವಾಗ ಮುಂದಕ್ಕೆ ಸರಿಯಬೇಕು ಅಂತ ಹೇಳುವವರು ಬರೇಸಿ. ಎದುರಾಳಿ ಪಾಸ್ ಕೊಡಲು ಕಾಲೆತ್ತುತ್ತಾನೆ. ಅವನ ಕಾಲು ಚೆಂಡಿಗೆ ತಗಲುವಷ್ಟರಲ್ಲಿ ಇವರು ನಾಲ್ವರೂ ಎರಡು ಹೆಜ್ಜೆ ಮುಂದೆ ಬಂದಿರುತ್ತಾರೆ. ಚೆಂಡಿಗಾಗಿ ಕಾದಿದ್ದ ಸ್ಟ್ರೈಕರ್ ಗೆರೆಯಿಂದಾಚೆ ಒಬ್ಬನೇ ಉಳಿಯುತ್ತಾನೆ. ಆಫ್‌ಸೈಡ್! ಪಾಸ್ ಹೊರಟ ಕ್ಷಣದಲ್ಲಿ ಗೆರೆಯಿಂದಾಚೆ, ಗೋಲಿನ ಕಡೆ ಇದ್ದವನು ಆ ಚೆಂಡನ್ನು ಆಡುವ ಹಾಗಿಲ್ಲ. ಅಷ್ಟರಲ್ಲಿ ಬರೇಸಿ ಕೈ ಮೇಲೆ ಎದ್ದಿರುತ್ತದೆ. ಒಬ್ಬ ಒಂದೇ ಒಂದು ಹೆಜ್ಜೆ ತಡಮಾಡಿದರೂ ಎಲ್ಲ ಹಾಳು. ಹಳೇ ಪಂದ್ಯಗಳಲ್ಲಿ ಆ ಎತ್ತಿದ ಕೈಯನ್ನು ಎಷ್ಟು ಸಲ ನೋಡಿದ್ದೇನೋ, ಇನ್ನೂ ಸಾಕಾಗಿಲ್ಲ.

ಸಾಕ್ಕಿ ಒಂದು ಅಭ್ಯಾಸ ಮಾಡಿಸುತ್ತಿದ್ದರು. ಒಂದು ಕಡೆ ಗೋಲ್‌ಕೀಪರ್ ಮತ್ತು ಈ ನಾಲ್ವರು. ಇನ್ನೊಂದು ಕಡೆ ಹತ್ತು ಜನ, ಅವರಲ್ಲಿ ಗುಲಿಟ್, ವ್ಯಾನ್ ಬಾಸ್ಟನ್ ಅಂಥವರು. ಹದಿನೈದು ನಿಮಿಷದಲ್ಲಿ ಗೋಲು ಹೊಡೆಯಬೇಕು. ಚೆಂಡು ಕಳೆದುಕೊಂಡರೆ ಮಾತ್ರ ಮೈದಾನದ ತಮ್ಮ ಅರ್ಧದ ಒಳಗಿನಿಂದ ಮತ್ತೆ ಶುರು ಮಾಡಬೇಕು. ಹತ್ತು ಜನಕ್ಕೂ ಗೋಲು ಬರುತ್ತಲೇ ಇರಲಿಲ್ಲ ಅಂತ ಸಾಕ್ಕಿಯೇ ಹೇಳಿಕೊಂಡಿದ್ದಾರೆ.

1987–88ರ ಲೀಗನ್ನು ಮಿಲಾನ್ ಗೆದ್ದಿತು. 30 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 14 ಗೋಲು. ಆಮೇಲೆ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್. 1993–94ರ ಲೆಕ್ಕ ನೋಡಿ: 34 ಪಂದ್ಯ, ಹೊಡೆದದ್ದು 36 ಗೋಲು ಮಾತ್ರ, ಆದರೂ ಚಾಂಪಿಯನ್. ಯಾಕೆಂದರೆ ಬಿಟ್ಟುಕೊಟ್ಟದ್ದು 15. ಆ ಲೀಗನ್ನು ಗೆದ್ದುಕೊಟ್ಟವರು ಡಿಫೆಂಡರ್‌ಗಳೇ ಅಂತ ನಾನು ಹೇಳುತ್ತೇನೆ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ 1989ರಲ್ಲಿ ವ್ಯಾನ್ ಬಾಸ್ಟನ್‌ಗೆ ಹೋಯಿತು, ಎರಡನೇ ಸ್ಥಾನ ಬರೇಸಿಗೆ.

ಇನ್ನು ಆ ಫೋಟೋ. 1994ರ ಜೂನ್ 23, ಅಮೆರಿಕದಲ್ಲಿ ನಡೆದ ವಿಶ್ವಕಪ್‌ನಲ್ಲಿ ನಾರ್ವೆ ವಿರುದ್ಧ ಪಂದ್ಯ. ಬರೇಸಿಗೆ ಆಗ 34 ವರ್ಷ, ಇಟಲಿ ಕ್ಯಾಪ್ಟನ್. ಮೊಣಕಾಲಿನ ಮೆನಿಸ್ಕಸ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹರಿಯಿತು. ಅಲ್ಲೇ ಆಪರೇಷನ್ ಆಯಿತು. ಆ ವಯಸ್ಸಿನಲ್ಲಿ ಅಂಥ ಗಾಯ ಆದರೆ ವಿಶ್ವಕಪ್ ಮುಗಿದ ಹಾಗೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಇಟಲಿ ಗೆಲ್ಲುತ್ತಾ ಫೈನಲ್‌ಗೆ ಬಂತು. ಸೆಮಿಫೈನಲ್‌ನಲ್ಲಿ ಹಳದಿ ಕಾರ್ಡ್ ಸಿಕ್ಕಿ ಕೊಸ್ತಾಕುರ್ತಾ ಫೈನಲ್ ಆಡುವ ಹಾಗಿರಲಿಲ್ಲ. ರಾಷ್ಟ್ರೀಯ ತಂಡದ ಕೋಚ್ ಕೂಡ ಆಗ ಸಾಕ್ಕಿಯೇ. ಗಾಯವಾದ 24ನೇ ದಿನ, ಜುಲೈ 17ರಂದು, ಬರೇಸಿ ಮೈದಾನಕ್ಕಿಳಿದರು.

ಪಸಾಡಿನಾದ ರೋಸ್ ಬೌಲ್ ಕ್ರೀಡಾಂಗಣ. ಆಟ ಶುರುವಾಗಿದ್ದು ಮಧ್ಯಾಹ್ನ ಹನ್ನೆರಡೂವರೆಗೆ, ನೆತ್ತಿ ಸುಡುವ ಬಿಸಿಲು. ಎದುರಿಗೆ ಬ್ರೆಜಿಲ್, ರೊಮಾರಿಯೊ ಮತ್ತು ಬೆಬೆಟೊ. ಅರ್ಧ ತಾಸು ಕಳೆದ ಸ್ವಲ್ಪ ಹೊತ್ತಿಗೆ ಬಲಬದಿಯ ಡಿಫೆಂಡರ್ ಮುಸ್ಸಿಗೂ ಗಾಯ. ಅವರ ಬದಲಿಗೆ ಅಪೊಲ್ಲೋನಿ ಬಂದರು. 90 ನಿಮಿಷ ಮುಗಿದು ಇನ್ನೂ 30 ನಿಮಿಷ ಆಡಿದರು. ಒಟ್ಟು 120 ನಿಮಿಷ. ಬ್ರೆಜಿಲ್‌ಗೆ ಒಂದು ಗೋಲೂ ಸಿಗಲಿಲ್ಲ. ಇಟಲಿಗೂ ಸಿಗಲಿಲ್ಲ, ಹಾಗಾಗಿ ಪೆನಾಲ್ಟಿಗಳಲ್ಲಿ ತೀರ್ಮಾನ ಆಗಬೇಕಿತ್ತು. ಕೊನೆಕೊನೆಗೆ ಬರೇಸಿಯ ಕಾಲು ಸೆಟೆದುಕೊಂಡಿತ್ತು, ಓಡುವುದಿರಲಿ, ನಿಲ್ಲುವುದೇ ಕಷ್ಟ.

ಅಂಥ ಕಾಲಿನಲ್ಲಿ ಮೊದಲ ಪೆನಾಲ್ಟಿ ಹೊಡೆಯಲು ಹೋದವರು ಅವರೇ. ಕ್ಲಬ್ ಪರ ಎಷ್ಟೋ ಪೆನಾಲ್ಟಿ ಗೋಲು ಮಾಡಿದ್ದವರು. ಚೆಂಡು ಬಾರ್ ಮೇಲಿಂದ ಹಾರಿಹೋಯಿತು. ಆಮೇಲೆ ಮಸಾರೊ, ಕೊನೆಗೆ ರಾಬರ್ಟೊ ಬಾಜ್ಜೊ ಕೂಡ ತಪ್ಪಿದರು. ಬ್ರೆಜಿಲ್ 3–2ರಿಂದ ಗೆದ್ದಿತು. ಬರೇಸಿ ಅತ್ತರು. ನಾವು ಅದನ್ನು ಅಚ್ಚು ಹಾಕಿದೆವು.

ಮಿಲಾನ್ ಪರ ಅವರು ಆಡಿದ್ದು 719 ಪಂದ್ಯ, ಗೆದ್ದದ್ದು 6 ಲೀಗ್. ಅವರು ನಿವೃತ್ತರಾದ ಮೇಲೆ ಕ್ಲಬ್ ಆ 6ನೇ ನಂಬರಿನ ಜರ್ಸಿಯನ್ನು ಇನ್ಯಾರಿಗೂ ಕೊಟ್ಟಿಲ್ಲ.

ಭಾನುವಾರ ಬಿಡುವಿದ್ದರೆ ನಿಮ್ಮ ಮಗನ ಜೊತೆ ಕೂತು ಆ ಫೈನಲ್‌ನ ರೆಕಾರ್ಡಿಂಗ್ ನೋಡಿ. ಚೆಂಡಿನ ಹಿಂದೆ ಹೋಗಬೇಡಿ ಅಂತ ಅವನಿಗೆ ಹೇಳಿ. ಸುಮ್ನೆ 6ನೇ ನಂಬರನ್ನು ಮಾತ್ರ ನೋಡುತ್ತಾ ಇರಲಿ. ಚೆಂಡು ಬರುವ ಮೊದಲೇ ಅವರು ಎಲ್ಲಿಗೆ ಹೋಗಿ ನಿಂತಿರುತ್ತಾರೆ ಅಂತ ಗಮನಿಸಲಿ. ಅವನಿಗೆ ಏನೇನು ಕಂಡಿತು ಅಂತ ನನಗೆ ಬರೆಯಲಿ, ಕಾಯುತ್ತೇನೆ. ಕಳೆದ ಸಂಚಿಕೆಯ ಆ ಚಿತ್ರದ ಕೆಳಗೆ ಹೀಗೆ ಓದಿಕೊಳ್ಳಬೇಕಾಗಿ ಎಲ್ಲ ಓದುಗರಲ್ಲೂ ಕೋರುತ್ತೇನೆ:

'ಫ್ರಾಂಕೊ ಬರೇಸಿ, ಇಟಲಿ ಕ್ಯಾಪ್ಟನ್. ಮೊಣಕಾಲಿಗೆ ಗಾಯವಾದ 24ನೇ ದಿನ ವಿಶ್ವಕಪ್ ಫೈನಲ್‌ನಲ್ಲಿ 120 ನಿಮಿಷ ಆಡಿದರು. ಬ್ರೆಜಿಲ್ ಗೋಲು ಹೊಡೆಯಲಿಲ್ಲ.'