ಲೆಕ್ಕಕ್ಕೆ ಸೇರದ ಮಾತ್ರೆ

ನಮ್ಮ ಕಾಸರಗೋಡಿನ ಕಡೆ ಆಪ್ತಸಲಹೆಗೆ ಬರುವ ಹಿರಿಯರಿಂದ ಒಂದು ಮಾತು ಮತ್ತೆ ಮತ್ತೆ ಕೇಳುತ್ತೇನೆ: "ಬೆಳಿಗ್ಗೆ ಒಂದು ಗ್ಯಾಸಿನ ಮಾತ್ರೆ ನುಂಗಿದರೆ ಆಯ್ತು." ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬದಿಯಡ್ಕ ಕಡೆಯ ತೋಟದ ಮನೆ. ಅರುವತ್ತು ದಾಟಿದ ಅಮ್ಮ, ಸಸ್ಯಾಹಾರಿ, ಶುಗರ್ ಇದೆ. ಗಂಡ ತೀರಿಕೊಂಡ ಮೇಲೆ ಮಂಕು, ಮರೆವು, ಸುಮ್ನೆ ಸಿಡುಕು. "ಅಪ್ಪನದ್ದೇ ಕೊರಗು ಮೇಡಂ, ಸ್ವಲ್ಪ ಧೈರ್ಯ ಹೇಳಿ" ಎಂದು ಮಗ ಕರಕೊಂಡು ಬಂದಿದ್ದರು.

ಒಂದು ದಿನ ಮಾತು ಮುಗಿಸಿ, ಜಗಲಿಯಲ್ಲಿ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದರು. ಒಂದು ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವರು ನಡೆಯುತ್ತಲೇ ಇದ್ದರು. "ಅಮ್ಮಾ, ಚಪ್ಪಲಿ!" ಎಂದು ಕೂಗಿದೆ. ಬಗ್ಗಿ ಪಾದ ನೋಡಿಕೊಂಡರು. "ಗೊತ್ತೇ ಆಗುದಿಲ್ಲ ಮೇಡಂ. ಯಾವಾಗಲೂ ಜೋಮು ಹಿಡಿದ ಹಾಗೆ. ಶುಗರಲ್ವಾ?"

ಮತ್ತೆ ಒಳಗೆ ಕೂರಿಸಿದೆ. ಏನೇನು ಮಾತ್ರೆ ತಗೊಳ್ತೀರಿ ಎಂದು ಕೇಳಿದೆ. ಶುಗರಿನ ಮೆಟ್‌ಫಾರ್ಮಿನ್, ಬಿಪಿಯದ್ದೊಂದು. ಬೇರೆ? "ಎಂತದೂ ಇಲ್ಲ." ಮಗ ನಕ್ಕರು: "ಗ್ಯಾಸಿಂದು?"

"ಅದೆಂತ ಮದ್ದಾ? ಮಗಳ ಬಾಣಂತನದಿಂದ ತಿಂತಾ ಇದ್ದೇನೆ."

ಆಗ ಹುಟ್ಟಿದ ಮೊಮ್ಮಗ ಈಗ ಏಳನೇ ಕ್ಲಾಸು. ಮೆಡಿಕಲ್‌ನವರು ಚೀಟಿ ಕೇಳುವುದನ್ನು ಯಾವತ್ತೋ ಬಿಟ್ಟಿದ್ದರು.

ಹೊಟ್ಟೆಯ ಆಸಿಡ್ ಅಂದರೆ ಬರೀ ಉರಿ ಅಲ್ಲ. ನರಗಳಿಗೆ ಬೇಕಾದ ವಿಟಮಿನ್ ಬಿ12 ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಿಕೊಳ್ಳಲು ಆಸಿಡ್ ಬೇಕು. ಕಬ್ಬಿಣ ಹೀರಿಕೊಳ್ಳಲೂ ಬೇಕು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ ಆ ಆಸಿಡ್ಡನ್ನೇ ತಗ್ಗಿಸುತ್ತವೆ. ಮೆಟ್‌ಫಾರ್ಮಿನ್ ಕೂಡ ಬಿ12 ಕಡಿಮೆ ಮಾಡಬಹುದು. ಇವರ ಊಟದಲ್ಲಿ ಬಿ12 ಬರುವುದೇ ಹಾಲು ಮೊಸರಿನಿಂದ. ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಗೊತ್ತಾಗುವುದಾದರೂ ಹೇಗೆ? ಜೋಮು, ಮರೆವು, ಸುಸ್ತು, ಬೇಸರ. ಜೋಮು ಶುಗರಿನ ಖಾತೆಗೆ ಹೋಗುತ್ತದೆ, ಉಳಿದದ್ದು ವಯಸ್ಸಿನ ಖಾತೆಗೆ.

ನಾನು ಹೇಳಿದ್ದು ಇಷ್ಟೇ. ಮನೆಯಲ್ಲಿರುವ ಎಲ್ಲ ಮಾತ್ರೆ ಒಂದು ಚೀಲಕ್ಕೆ ಹಾಕಿ ಫಿಸಿಷಿಯನ್ ಹತ್ತಿರ ಹೋಗಿ. ಬಿ12 ನೋಡಬೇಕಾ ಎಂದು ಕೇಳಿ. ಗ್ಯಾಸಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಉರಿ ಮೊದಲಿಗಿಂತ ಜೋರಾಗಿ ಬರಬಹುದು. ಕೆಲವರಿಗೆ ಅದು ನಿಜಕ್ಕೂ ಬೇಕಾದ ಮದ್ದು.

"ಮಾತ್ರೆ ವಿಚಾರ ನಿಮಗ್ಯಾಕೆ, ಮನಸ್ಸಿನ ಮಾತು ಸಾಕಲ್ವಾ?" ಎಂದು ಪರಿಚಯದವರೊಬ್ಬರು ಆಕ್ಷೇಪಿಸಿದರು. ನಾನು ಮದ್ದು ಕೊಡಲಿಲ್ಲ, ನಿಲ್ಲಿಸಲೂ ಇಲ್ಲ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಸುಲಭ. ಹೊಟ್ಟೆಹುಣ್ಣಿಗೆ ಚಿಂತೆಯೇ ಕಾರಣ ಎಂದು ವೈದ್ಯರೇ ಎಷ್ಟೋ ಕಾಲ ಹೇಳುತ್ತಿದ್ದರು. ಹೆಚ್ಚಿನ ಹುಣ್ಣಿನ ಹಿಂದೆ ಬ್ಯಾಕ್ಟೀರಿಯಾ ಇದೆ ಎಂದು ತೋರಿಸಿದ ಆಸ್ಟ್ರೇಲಿಯಾದ ವೈದ್ಯರಾದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಧೈರ್ಯ ಹೇಳಿದ್ದರೆ ಆ ಹುಣ್ಣು ವಾಸಿಯಾಗುತ್ತಿತ್ತಾ?

ಅಮ್ಮನ ಬಿ12 ತುಂಬ ಕಡಿಮೆ ಇತ್ತು. ವೈದ್ಯರು ಇಂಜೆಕ್ಷನ್ ಶುರು ಮಾಡಿದರು, ಗ್ಯಾಸಿನ ಮಾತ್ರೆಯನ್ನು ನಿಧಾನವಾಗಿ ಇಳಿಸಿದರು. ಮಂಕು ಬೇಗ ಬಿಟ್ಟಿತು, ಜೋಮು ಪೂರ್ತಿ ಹೋಗಿಲ್ಲ.

"ಇನ್ನು ಕರಕೊಂಡು ಬರಬೇಕಾ ಮೇಡಂ?" ಎಂದು ಮಗ ಫೋನ್ ಮಾಡಿದ್ದರು. ಬರಲಿ ಎಂದೆ. ಕೊರಗು ಇದ್ದದ್ದು ಹೌದು. ಈಗ ಇವತ್ತು ಆಡಿದ ಮಾತು ಮುಂದಿನ ವಾರಕ್ಕೂ ಅವರಿಗೆ ನೆನಪಿರುತ್ತದೆ.