ಕುಚ್ಚು ಕಟ್ಟುವ ಕೈಗೆ ಸೂಜಿ ದಾರವೇ ಬೇಡವಾದಾಗ

ಗುರುತು ಸಿಗಬಾರದೆಂದು ವಯಸ್ಸು, ತವರು, ಮನೆಯವರ ಕೆಲಸ ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದ ಒಬ್ಬ ಅಮ್ಮನ ಕಥೆ ಇದು. ಬರೆಯಲು ಅವರು ಒಪ್ಪಿದ್ದಾರೆ. "ನನ್ನಂಥವರು ಇನ್ನೂ ಇರ್ತಾರೆ, ಬರೀರಿ" ಅಂದರು.

ಅವರು ಹಾಸನದ ಗೃಹಿಣಿ, ಐವತ್ತರ ಆಸುಪಾಸು. ಗಂಡ ಸರ್ಕಾರಿ ನೌಕರ. ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕೈ ಜೋಮು ಹಿಡಿಯುತ್ತದೆ ಎಂದು ವೈದ್ಯರ ಹತ್ತಿರ ಹೋದವರು ಅಲ್ಲೇ ಅತ್ತುಬಿಟ್ಟರಂತೆ. ವೈದ್ಯರು ಕೈಗೆ ಬೇಕಾದ್ದನ್ನು ಬರೆದುಕೊಟ್ಟು, ನನ್ನನ್ನು ನೋಡಲು ಹೇಳಿ ಕಳಿಸಿದರು. ಮದುವೆ ಸೀಸನ್ ಮುಗಿಯುತ್ತಾ ಬಂದಿದ್ದ ಸಮಯ ಅದು.

"ಮೇಡಂ, ಮೊದ್ಲೆಲ್ಲ ಬೇಜಾರಾದ್ರೆ ಸೂಜಿ ದಾರ ಹಿಡ್ಕೊಂಡು ಕೂರ್ತಿದ್ದೆ. ಎಲ್ಲ ಮರೆತುಹೋಗೋದು. ಈಗ ದಾರದ ಡಬ್ಬ ನೋಡಿದ್ರೇನೇ ಬೇಜಾರು. ನಂಗೇನಾಗಿದೆ?"

ಅವರಿಗೆ ಕೈಕೆಲಸ ಕಲಿಸಿದ್ದು ದೊಡ್ಡಮ್ಮ. ಸಕಲೇಶಪುರದ ಕಡೆಯ ಮನೆ. ಅಂಗಳಕ್ಕೂ ಇಳಿಯಲಾಗದಂಥ ಮಳೆ, ಕರೆಂಟೂ ಇಲ್ಲ. ಕಿಟಕಿ ಹತ್ತಿರ ಕೂರಿಸಿಕೊಂಡು ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹೇಳಿಕೊಟ್ಟಿದ್ದರು. ಮದುವೆಯಾದ ಮೇಲೂ ಇವರು ಅದನ್ನು ಬಿಡಲಿಲ್ಲ. ದಿಂಬಿನ ಕವರಿಗೆ ಲೇಜಿ ಡೇಸಿ ಹೂವು, ಗೌರಿ ಹಬ್ಬಕ್ಕೆ ಹತ್ತಿಯ ಗೆಜ್ಜೆವಸ್ತ್ರ, ದಸರಾ ಗೊಂಬೆಗಳಿಗೆ ಚಿಕ್ಕ ಚಿಕ್ಕ ಸೀರೆ, ಸಂಕ್ರಾಂತಿಗೆ ಸಕ್ಕರೆ ಅಚ್ಚು. ಇದನ್ನೆಲ್ಲ ಹೇಳುವಾಗ ಅವರ ದನಿಯೇ ಬೇರೆ ಇತ್ತು. ಪಟ್ಟದ ಗೊಂಬೆಗೆ ಯಾವ ವರ್ಷ ಯಾವ ಬಣ್ಣ ಉಡಿಸಿದ್ದೆ ಅನ್ನುವುದೂ ನೆನಪಿತ್ತು.

ಕೆಲವು ವರ್ಷದ ಹಿಂದೆ ಪಕ್ಕದ ಮನೆ ಹುಡುಗಿಯ ಮದುವೆಗೆ ಧಾರೆ ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಟ್ಟರು. ಪ್ರೀತಿಗೆ ಮಾಡಿದ್ದು. ಛತ್ರದಲ್ಲಿ ನೋಡಿದವರೆಲ್ಲ ಯಾರು ಕಟ್ಟಿದ್ದು ಎಂದು ಕೇಳಿದರು. ಮಗಳು ಇನ್‌ಸ್ಟಾಗ್ರಾಂನಲ್ಲಿ ಪೇಜ್ ಮಾಡಿಕೊಟ್ಟಳು. ಗಂಡ ಆರ್ಡರಿನ ಫೋನ್ ಎತ್ತತೊಡಗಿದರು. ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಷಾ ಕುಚ್ಚು, ಮದುವೆ ಹೆಣ್ಣಿನ ಸೀರೆಗೆ ಭಾರಿ ಡಿಸೈನು. ದುಡ್ಡು ಬಂತು. ಚೀಟಿ ಹಾಕಿದರು, ಮಗಳ ಹಾಸ್ಟೆಲ್ ಫೀಸು ಕಟ್ಟಿದರು, ತಮಗೇ ಅಂತ ಒಂದು ಜೊತೆ ಬಳೆ ಮಾಡಿಸಿಕೊಂಡರು. ಬಳೆಯ ವಿಷಯ ಹೇಳುವಾಗ ಕೈ ಮುಂದೆ ಚಾಚಿ ತೋರಿಸಿದರು. ಆ ಹೆಮ್ಮೆಯನ್ನು ನಾನು ಮುಖ್ಯವಾಗಿ ಬರೆದುಕೊಂಡೆ. ಇಂಥವರಿಗೆ "ಆರ್ಡರ್ ಬಿಟ್ಟುಬಿಡಿ, ಆರಾಮಾಗಿರಿ" ಎಂದು ಹೇಳುವುದು ಬಹಳ ಸುಲಭ. ಸ್ವಂತ ಸಂಪಾದನೆ ಇಲ್ಲದೆ ಅಷ್ಟು ವರ್ಷ ಸಂಸಾರ ನಡೆಸಿದ ಹೆಣ್ಣುಮಗಳಿಗೆ ಆ ದುಡ್ಡು ಎಂಥದ್ದು ಎಂದು ತಿಳಿಯದವರು ಆಡುವ ಮಾತು ಅದು.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು. ಇಷ್ಟವಿದ್ದ ಕೆಲಸ ಬೇಡವಾಗುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಹಾಗಾಗಿ ನಿದ್ದೆ ಹೇಗಿದೆ, ಊಟ ರುಚಿಸುತ್ತದಾ, ಬದುಕೇ ಸಾಕು ಅನಿಸಿದೆಯಾ ಎಂದೆಲ್ಲ ಕೇಳಿದೆ. ತಂಗಿ ಬಂದರೆ ಈಗಲೂ ಮಧ್ಯರಾತ್ರಿವರೆಗೆ ಮಾತು, ನಗು. ಸಂಜೆ ಮಹಾರಾಜ ಪಾರ್ಕಿನ ಕಡೆ ವಾಕಿಂಗ್ ಹೋದರೆ ಹಾಯೆನಿಸುತ್ತದೆ. ಹಬ್ಬದ ಅಡುಗೆಯಲ್ಲಿ ಉತ್ಸಾಹ ಹಾಗೇ ಇದೆ. ಕೈ ಜೋಮಿಗೆ ಎಚ್ಚರವಾಗುತ್ತದೆ ಎನ್ನುವುದು ಬಿಟ್ಟರೆ ನಿದ್ದೆಯೂ ಸರಿ. ಅಂದರೆ ಬೇಸರ ಎಲ್ಲದರ ಮೇಲೂ ಹರಡಿರಲಿಲ್ಲ, ಒಂದೇ ಜಾಗದಲ್ಲಿ ಕೂತಿತ್ತು. ಓದುವವರು ಇದನ್ನು ಗಮನಿಸಬೇಕು. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದೂ ಬೇಡವೆನಿಸಿದರೆ, ನಿದ್ದೆ ಊಟ ಕೆಟ್ಟರೆ, ಅದಕ್ಕೆ ಈ ಬರಹದ ಸಲಹೆ ಸಾಲದು. ವೈದ್ಯರನ್ನು ನೋಡಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೈಯ ಕಥೆಯನ್ನು ವೈದ್ಯರು ನೋಡಿಕೊಂಡಿದ್ದರು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ರಾತ್ರಿ ಹೊತ್ತು ಮರಗಟ್ಟುತ್ತಿದ್ದವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಹಾಗಾಗುತ್ತದೆ. ಶುಗರ್, ಥೈರಾಯ್ಡ್ ಇದ್ದವರಲ್ಲಿ ಇದು ಜಾಸ್ತಿ ಕಾಣುವುದರಿಂದ ಎರಡನ್ನೂ ಪರೀಕ್ಷೆ ಮಾಡಿಸಿದ್ದರು. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗಲು ಹೇಳಿದ್ದರು.

ನನ್ನ ಕೆಲಸ ಶುರುವಾದದ್ದು ಒಂದೇ ಪ್ರಶ್ನೆಯಿಂದ. ಈಚೆಗೆ ಕಟ್ಟಿದ ಒಂದು ಸೀರೆಯ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳಿ ಎಂದೆ.

ನವಿಲು ಬಣ್ಣದ ರೇಷ್ಮೆ ಸೀರೆ. ಹುಡುಗಿಯ ತಾಯಿ ವಾಟ್ಸಾಪಿನಲ್ಲಿ ಯಾವುದೋ ಫೋಟೋ ಕಳಿಸಿ "ಡಿಟ್ಟೋ ಇದೇ ಬೇಕು" ಅಂದಿದ್ದರು. ಫೋಟೋದಲ್ಲಿದ್ದದ್ದು ಗುಲಾಬಿ ಮಣಿ. ಆ ಸೀರೆಗೆ ಸಾಸಿವೆ ಬಣ್ಣ ಒಪ್ಪುತ್ತದೆ ಎಂದು ಇವರ ಕಣ್ಣಿಗೆ ಕಾಣುತ್ತಿತ್ತು. ಹೇಳಿದರು. ಬೇಡ ಅಂದರು. ಹೇಳಿದ್ದಕ್ಕಿಂತ ನಾಲ್ಕು ದಿನ ಮೊದಲೇ ಬೇಕೆಂದು ಮತ್ತೆ ಫೋನು. ಗಂಡ "ಆಯ್ತು, ಕೊಡ್ತೀವಿ" ಎಂದು ಒಪ್ಪಿಕೊಂಡರು. ರಾತ್ರಿ ಹನ್ನೊಂದಕ್ಕೆ ಟ್ಯೂಬ್‌ಲೈಟ್ ಕೆಳಗೆ ಕೂತು ಮುಗಿಸಿದರು. ಮುಗಿದ ಮೇಲೆ ಸೀರೆಯನ್ನು ಬಿಡಿಸಿ ನೋಡಲೂ ಮನಸ್ಸಾಗಲಿಲ್ಲ. ಮಡಚಿ ಕವರಿಗೆ ಹಾಕಿದರು.

"ಕೈ ಮಾತ್ರ ನಂದು ಮೇಡಂ. ಮಿಕ್ಕಿದ್ದೆಲ್ಲ ಅವರದ್ದು."

ಈ ಪ್ರಕರಣದಲ್ಲಿ ನಾನು ಹಿಡಿದ ಎಳೆ ಇದೇ ಮಾತು. ಮೇಲ್ನೋಟಕ್ಕೆ, ಹವ್ಯಾಸಕ್ಕೆ ದುಡ್ಡು ಸೇರಿತು, ಖುಷಿ ಹೋಯಿತು ಅನಿಸುತ್ತದೆ. ಅದಕ್ಕೆ ಆಧಾರವೂ ಇದೆ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಶಿಶುವಿಹಾರದ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಎಲ್ಲರೂ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳೇ. ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಇರುವ ಬಹುಮಾನ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಆಮೇಲೆ ಸುಮ್ನೆ ಆಟಕ್ಕೆ ಬಿಟ್ಟಾಗ, ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಚಿತ್ರದ ಹತ್ತಿರ ಕಳೆದ ಸಮಯ ಉಳಿದವರ ಅರ್ಧದಷ್ಟು. ಆದರೆ ಹೇಳದೆ ಬಹುಮಾನ ಪಡೆದ ಮಕ್ಕಳ ಆಸಕ್ತಿ ಕುಗ್ಗಿರಲಿಲ್ಲ. ಬಹುಮಾನ ಎರಡು ಗುಂಪಿಗೂ ಒಂದೇ ಅಲ್ವಾ? ಒಬ್ಬರಿಗೆ ಅದು ಷರತ್ತಾಗಿ ಬಂತು, ಇನ್ನೊಬ್ಬರಿಗೆ ಮೆಚ್ಚುಗೆಯಾಗಿ ಬಂತು. ಈ ಅಮ್ಮನ ವಿಷಯದಲ್ಲೂ ನನಗೆ ಅನುಮಾನ ಇದ್ದದ್ದು ದುಡ್ಡಿನ ಮೇಲಲ್ಲ. ಬಣ್ಣ, ನಮೂನೆ, ದಿನ, ಯಾವುದರಲ್ಲೂ ಅವರ ಮಾತು ನಡೆಯುತ್ತಿರಲಿಲ್ಲ, ಅದರ ಮೇಲೆ.

ಅನುಮಾನ ಸರಿಯೋ ಅಲ್ಲವೋ ನೋಡಲು ಒಂದು ಸಣ್ಣ ಕೆಲಸ ಕೊಟ್ಟೆ. ಏನೇ ಕೈಕೆಲಸಕ್ಕೆ ಕೂತರೂ, ಕೂರುವ ಮೊದಲು ಮನಸ್ಸು ಹೇಗಿದೆ ಎಂದು ಹತ್ತಕ್ಕೆ ಅಂಕ ಹಾಕುವುದು, ಎದ್ದ ಮೇಲೆ ಮತ್ತೆ ಹಾಕುವುದು. ಜೊತೆಗೆ, ಮಾರಲೂ ಅಲ್ಲದ, ಯಾರಿಗೂ ಕೊಡಲೂ ಅಲ್ಲದ ಏನಾದರೂ ಒಂದನ್ನು ಶುರು ಮಾಡಿ ಎಂದೆ. ಸ್ಟೇಟಸ್ಸಿಗೂ ಹಾಕಬಾರದು. ಮುಗಿಸಲೇಬೇಕು ಎಂದೇನೂ ಇಲ್ಲ.

"ಯಾರಿಗೂ ತೋರಿಸದೆ ಇದ್ರೆ ಅದು ಯಾಕೆ ಮೇಡಂ?" ಎಂದು ಕೇಳಿದರು.

"ದೊಡ್ಡಮ್ಮನ ಪಕ್ಕ ಕೂತು ಹಾಕಿದ್ದನ್ನು ಯಾರಿಗೆ ತೋರಿಸ್ತಿದ್ರಿ?" ಎಂದೆ.

ಯೋಚಿಸಿ ಅವರೇ ಆರಿಸಿಕೊಂಡದ್ದು ಹಳೇಬೀಡಿನ ಬಳ್ಳಿ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಸುರುಳಿ ಸುರುಳಿಯಾಗಿ ಹೋಗುವ ಬಳ್ಳಿಯ ಸಾಲು ಇದೆಯಲ್ಲ, ಅದು. ನೋಡಲು ಹೋದಾಗಲೆಲ್ಲ ಎಲ್ಲರೂ ಆನೆ ನೋಡುತ್ತಿದ್ದರೆ ಇವರ ಕಣ್ಣು ಬಳ್ಳಿಯ ಮೇಲೆ ಇರುತ್ತಿತ್ತಂತೆ. ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ಚಿನಲ್ಲಿ ಶುರು ಮಾಡಿದರು. ಕ್ರಾಸ್ ಸ್ಟಿಚ್ ಚೌಕ ಎಣಿಸಿ ಹಾಕುವಂಥದ್ದು, ಹಾಗಾಗಿ ಬಳ್ಳಿಯ ಬಳುಕು ಮೆಟ್ಟಿಲು ಮೆಟ್ಟಿಲಾಗಿ ಕಂಡಿತು. ಬಿಚ್ಚಿದರು. ಬೇರೆ ಬಟ್ಟೆ ತಗೊಂಡು ಚೈನ್ ಸ್ಟಿಚ್ ಹಾಕಿದರು, ಈಗ ಬಳ್ಳಿ ಬಳುಕಿತು. ಇದನ್ನು ಹೇಳುವಾಗ ಬಿಚ್ಚಿದ್ದಕ್ಕೆ ಬೇಸರವೇ ಇರಲಿಲ್ಲ. ಆರ್ಡರಿನ ಕುಚ್ಚು ಬಿಚ್ಚಬೇಕಾಗಿ ಬಂದರೆ ಅಳು ಬರುತ್ತಿತ್ತಂತೆ.

ಅಂಕದ ಪುಸ್ತಕ ತಂದು ತೋರಿಸಿದರು. ಬಳ್ಳಿಗೆ ಕೂತ ದಿನ ಮೂರು ಇದ್ದದ್ದು ಆರಾಗಿದೆ. ಫೋಟೋ ನೋಡಿ ಕಟ್ಟುವ ಕುಚ್ಚಿಗೆ ಐದು ಇದ್ದದ್ದು ಎರಡು. ಇಷ್ಟು ಇಬ್ಬರೂ ಊಹಿಸಿದ್ದೆವು. ಆದರೆ ಒಂದು ಆರ್ಡರಿನ ಮುಂದೆ ನಾಲ್ಕು ಇದ್ದದ್ದು ಏಳಾಗಿತ್ತು! ಏನದು ಎಂದು ಕೇಳಿದೆ. ಹಳೆಯ ಗಿರಾಕಿ, ಸೀರೆ ಕೊಟ್ಟು "ನಿಮಗೆ ತೋಚಿದ್ದು ಹಾಕಿ, ಹಬ್ಬದ ಹೊತ್ತಿಗೆ ಕೊಡಿ ಸಾಕು" ಎಂದು ಹೋಗಿದ್ದರಂತೆ. ದುಡ್ಡು ಅದೇ, ಕುಚ್ಚು ಅದೇ. ಅವರು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. "ಹಂಗಾದ್ರೆ ಕುಚ್ಚು ಬಿಡೋದು ಬೇಡ" ಅಂದರು. ಆ ಮಾತು ನನ್ನಿಂದ ಬರುವುದಕ್ಕಿಂತ ಅವರಿಂದಲೇ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಮುಂದಿನ ಸಲ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. ಹೆಂಡತಿಗೆ ನೆರವಾಗುತ್ತಿದ್ದೇನೆ ಎಂದೇ ಆರ್ಡರ್ ಹಿಡಿಯುತ್ತಿದ್ದವರು. ಅವರ ವಾದ ನೇರ: "ಮೇಡಂ, ಬೇಲೂರು ಹಳೇಬೀಡಿನ ಶಿಲ್ಪಿಗಳು ಬಿಟ್ಟಿ ಕೆತ್ತಿದ್ರಾ? ಕೆಲಸ ಅಂದ್ಮೇಲೆ ಇಷ್ಟ ಕಷ್ಟ ಎಲ್ಲ ಇರುತ್ತೆ."

ಪ್ರಶ್ನೆ ಚೆನ್ನಾಗಿತ್ತು. ಬಿಟ್ಟಿ ಕೆತ್ತಿರಲಾರರು. ಆದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಮದನಿಕೆಯರ ಪೀಠ ನೋಡಿ ಎಂದೆ. ಕೆತ್ತಿದವರ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಒಂದು ಮದನಿಕೆಯಂತೆ ಇನ್ನೊಂದಿಲ್ಲ. ರಾಜನ ಕೆಲಸವೇ ಆದರೂ ಅವರ ಕೈಗೆ ಅಷ್ಟು ಜಾಗ ಇತ್ತು, ಹೆಸರು ಬರೆದುಕೊಳ್ಳುವಷ್ಟು. ನಿಮ್ಮ ಮನೆಯವರು ಕಟ್ಟುವ ಕುಚ್ಚಿನಲ್ಲಿ ಅವರದ್ದು ಅನ್ನುವಂಥದ್ದು ಈಗ ಏನಿದೆ? ಗಂಡ ಹೆಂಡತಿಯ ಕಡೆ ತಿರುಗಿ ಕೇಳಿದರು, "ಹೌದೇನೆ, ಆ ನವಿಲು ಸೀರೆ ನಿಂಗೆ ಇಷ್ಟ ಇರ್ಲಿಲ್ವಾ?" ಅಷ್ಟು ದಿನ ಆ ಪ್ರಶ್ನೆ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಸಲಹೆಗಳನ್ನು ಮೂವರೂ ಸೇರಿ ಮಾಡಿದೆವು. ವಾರಕ್ಕೆ ಎಷ್ಟು ಸೀರೆ ಎಂದು ನಿರ್ಧರಿಸುವುದು ಆ ಅಮ್ಮನೇ. ಗಂಡ ಫೋನ್ ಎತ್ತಬಹುದು, ಆದರೆ "ಕೇಳಿ ಹೇಳ್ತೀನಿ" ಅನ್ನಬೇಕು. ಫೋಟೋ ಕಳಿಸುವವರಿಗೆ, ಅದೇ ಥರ ಮಾಡಲ್ಲ, ನಿಮ್ಮ ಸೀರೆಗೆ ಹೊಂದುವ ಎರಡು ಮೂರು ನಮೂನೆ ತೋರಿಸುತ್ತೇವೆ ಎನ್ನುವುದು. ಬೇಡ ಎಂದವರು ಬೇರೆ ಕಡೆ ಹೋಗಲಿ. ಅರ್ಧ ದುಡ್ಡು ಮುಂಗಡ. ರಾತ್ರಿ ಊಟದ ನಂತರ ಸೂಜಿ ಮುಟ್ಟುವಂತಿಲ್ಲ. ಆಷಾಢದಲ್ಲಿ ಹೇಗೂ ಮದುವೆ ಇರಲ್ಲ, ಅದರ ಮೊದಲರ್ಧ ಪೂರ್ತಿ ರಜೆ. ಆಮೇಲೆ ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ಬರುವುದರಿಂದ ಇಡೀ ತಿಂಗಳು ಬಿಡಲಾಗದು ಎಂದು ಅವರೇ ಹೇಳಿದರು.

ಆರ್ಡರಿನ ದಾರಕ್ಕೂ ಸ್ವಂತದ ದಾರಕ್ಕೂ ಬೇರೆ ಬೇರೆ ಡಬ್ಬ ಇಡಲು ಹೇಳಿದೆ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಡಬ್ಬ ನೋಡಿದರೇ ಬೇಜಾರು ಎಂದವರು ಅವರು. ಸ್ವಂತದ ಡಬ್ಬಕ್ಕೆ ಆ ನೆನಪು ಅಂಟಬಾರದು. ಸ್ವಂತದ ಕೆಲಸಕ್ಕೆ ಮಧ್ಯಾಹ್ನ, ಬೆಳಕು ಎಡಗಡೆಯಿಂದ ಬೀಳುವ ಕಿಟಕಿ, ಫೋನ್ ಇನ್ನೊಂದು ಕೋಣೆಯಲ್ಲಿ. ಬಲಗೈಯಲ್ಲಿ ಹೊಲಿಯುವವರಿಗೆ ಹಾಗೆ ಕೂತರೆ ಕೈಯ ನೆರಳು ಬಟ್ಟೆ ಮೇಲೆ ಬೀಳುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಸಡಿಲ ಬಿಡುವುದು, ದಪ್ಪ ಹಿಡಿಯ ಕ್ರೋಷಾ ಸೂಜಿ ಕೊಳ್ಳುವುದು, ಹತ್ತಿರದ ಕನ್ನಡಕ ಸರಿಯಿದೆಯಾ ಎಂದು ಕಣ್ಣು ತೋರಿಸುವುದು.

ಎಲ್ಲಕ್ಕಿಂತ ಕಷ್ಟವಾದದ್ದು ನೆಂಟರ ವಿಷಯ. "ನಮ್ಮವರೇ ಅಲ್ವಾ" ಎಂದು ಮೂರು ನಾಲ್ಕು ಸೀರೆ ತಂದಿಟ್ಟು ಹೋಗುವವರು. ದುಡ್ಡಿನ ಮಾತೇ ಇಲ್ಲ. ಮದುವೆ ಮನೆಗೆ ಮುಯ್ಯಿ ಅಂತ ಒಂದು ಸೀರೆಗೆ ಪ್ರೀತಿಯಿಂದ ಕಟ್ಟಿಕೊಡಿ, ಉಳಿದದ್ದಕ್ಕೆ ಎಲ್ಲರಿಗೂ ಒಂದೇ ರೇಟು ಎಂದೆ. ಹೇಳಬೇಕಾದ ಮಾತನ್ನು ನನ್ನೆದುರೇ ಜೋರಾಗಿ ಹೇಳಿ ಅಭ್ಯಾಸ ಮಾಡಿದರು. ಮೊದಲ ಸಲ ದನಿ ಹೊರಡಲಿಲ್ಲ.

ಮಳೆಗಾಲದ ಕೊನೆಗೆ ಬಂದಾಗ ಕೈ ಜೋಮು ಕಡಿಮೆಯಾಗಿತ್ತು. ಬಳ್ಳಿ ಅರ್ಧ ಆಗಿತ್ತು. ತಿಂಗಳ ಆದಾಯ ಸ್ವಲ್ಪ ಇಳಿದಿದೆ, ಚೀಟಿ ಕಟ್ಟಲು ತೊಂದರೆ ಇಲ್ಲ ಎಂದರು. ಮಗಳಿಗೆ ಮಾತ್ರ ಪೇಜಿನಲ್ಲಿ ಹೊಸ ಫೋಟೋ ಕಡಿಮೆಯಾಯಿತೆಂದು ಬೇಸರವಿದೆ. ಒಬ್ಬ ನಾದಿನಿ ಐದು ಸೀರೆ ತಂದಾಗ ಇವರು ಅಭ್ಯಾಸ ಮಾಡಿದ ಮಾತನ್ನೇ ಹೇಳಿದರಂತೆ. ಆಕೆ ಸೀರೆಗಳನ್ನು ವಾಪಸ್ ತಗೊಂಡು ಹೋಗಿ ಮಾತು ಬಿಟ್ಟಿದ್ದಾರೆ.

"ಫೋನ್ ಮಾಡಿ ತಪ್ಪಾಯ್ತು ಅನ್ಲಾ ಮೇಡಂ?"

ಬೇಡ ಎಂದೆ. ತಪ್ಪು ಮಾಡಿಲ್ಲದ ಮೇಲೆ ಹಾಗೆ ಹೇಳಿದರೆ ಆ ಐದು ಸೀರೆ ನಾಳೆಯೇ ವಾಪಸ್ ಬರುತ್ತವೆ. ಆದರೆ ಮಾತು ಬಿಡುವುದೂ ಬೇಡ. ದಸರಾ ಗೊಂಬೆ ನೋಡಲು ಯಾವಾಗಲೂ ಕರೆಯುವಂತೆ ನೀವೇ ಕರೆಯಿರಿ, ಅರಿಶಿನ ಕುಂಕುಮ ಕೊಟ್ಟು ಕಳಿಸಿ. ಸೀರೆ ಮಾತನ್ನು ನೀವಾಗಿ ಎತ್ತಬೇಡಿ. ಅವರಾಗಿ ಎತ್ತಿದರೆ ಅದೇ ರೇಟು ಹೇಳಿ ಎಂದೆ.