ಜೋಹಾನ್ಸ್‌ಬರ್ಗಿನಲ್ಲಿ ಬಸ್ಸಿಗೆ ಪರ್ಯಾಯವಾಗಿ ಮಿನಿಬಸ್ ಟ್ಯಾಕ್ಸಿಗಳಿವೆ, ಆದರೆ ಹತ್ತಬೇಡಿ ಎಂದು ಆಫೀಸಿನವರು ಹೇಳುತ್ತಾರೆ. ಹತ್ತಬಹುದೇ? ಅಂಥದ್ದು ಬೆಂಗಳೂರಿಗೂ ಬಂದರೆ ಒಳ್ಳೆಯದಲ್ಲವೇ?

ಹಗಲು ಹೊತ್ತಿನಲ್ಲಿ ಖಂಡಿತ ಹತ್ತಿ. ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದ ನಾನು ಟ್ಯಾಕ್ಸಿಯಲ್ಲೇ ಓಡಾಡಿದ್ದೇನೆ. ಅಲ್ಲಿ ಟ್ಯಾಕ್ಸಿ ಎಂದರೆ ತಲೆಗಿಷ್ಟು ಎಂದು ಕೊಟ್ಟು ಹಲವರು ಒಟ್ಟಿಗೆ ಹೋಗುವ ವ್ಯಾನು. ಹತ್ತಬೇಡಿ ಎಂದು ನಿಮ್ಮ ಆಫೀಸಿನವರು ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ. ಆದರೆ ಹಾಗೆ ಹೇಳುವವರಲ್ಲಿ ಹೆಚ್ಚಿನವರು ಸ್ವಂತ ಕಾರಿನವರು. ಅದೇ ಆಫೀಸಿನ ಸೆಕ್ಯೂರಿಟಿಯವರು, ಕ್ಯಾಂಟೀನಿನವರು, ನೆಲ ಒರೆಸುವ ಹೆಂಗಸರು ದಿನಾ ಬಂದಿಳಿಯುವುದು ಆ ಬಿಳಿ ಟೊಯೋಟಾ ವ್ಯಾನುಗಳಿಂದಲೇ. ದಕ್ಷಿಣ ಆಫ್ರಿಕಾದ 2020ರ ರಾಷ್ಟ್ರೀಯ ಪ್ರಯಾಣ ಸಮೀಕ್ಷೆಯ ಪ್ರಕಾರ, ಸಾರ್ವಜನಿಕ ವಾಹನದಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸುಮಾರು ಶೇ. 80 ಮಂದಿ ಟ್ಯಾಕ್ಸಿ ಹಿಡಿಯುತ್ತಾರೆ. ನೀವು ಅದನ್ನು ಬಸ್ಸಿಗೆ ಪರ್ಯಾಯ ಎಂದು ಬರೆದಿದ್ದೀರಿ. ಅಲ್ಲಿ ಬಸ್ಸೇ ಟ್ಯಾಕ್ಸಿಗೆ ಪರ್ಯಾಯ.

ಬೋರ್ಡು, ನಂಬರು ನೋಡಿ ಹತ್ತುವ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ರಸ್ತೆ ಬದಿ ನಿಂತು ಕೈಸನ್ನೆ ಮಾಡಬೇಕು. ತೋರುಬೆರಳು ಮೇಲಕ್ಕೆತ್ತಿದರೆ ನಗರದ ನಡುಭಾಗಕ್ಕೆ, ಕೆಳಕ್ಕೆ ತೋರಿಸಿದರೆ ಇಲ್ಲೇ ಹತ್ತಿರಕ್ಕೆ. ಒಂದೊಂದು ದಿಕ್ಕಿಗೆ ಒಂದೊಂದು ಸನ್ನೆ. ಒಳಗೆ ಹೋದ ಮೇಲೆ ಎಲ್ಲರಿಗೂ ಸೇರಿಸಿ ಒಂದು ‘ಸಾನಿಬೊನಾನಿ’ ಹೇಳಿ, ಅದು ಜುಲು ಭಾಷೆಯ ನಮಸ್ಕಾರ. ಕಂಡಕ್ಟರ್ ಇರುವುದಿಲ್ಲ. ಹಿಂದಿನ ಸಾಲಿನಿಂದ ದುಡ್ಡು ಕೈಯಿಂದ ಕೈಗೆ ಮುಂದೆ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಡ್ರೈವರ್ ಪಕ್ಕ ಕೂತವರೇ ಲೆಕ್ಕ ಹಾಕಬೇಕು, ಹಾಗಾಗಿ ಹೊಸಬರು ನಡುವಿನ ಸಾಲಲ್ಲಿ ಕೂರುವುದು ಒಳ್ಳೆಯದು. ಯಾರೂ ಯಾರನ್ನೂ ಅನುಮಾನಿಸದೆ ಈ ಲೆಕ್ಕ ಮುಗಿಯುವುದನ್ನು ನೋಡುವುದೇ ನನಗೆ ಬಹಳ ಇಷ್ಟವಾಗಿತ್ತು. ಇಳಿಯುವಾಗ ‘ಆಫ್ಟರ್ ರೋಬೋಟ್’ ಎನ್ನಿ, ಸಿಗ್ನಲ್ ದಾಟಿದ ಮೇಲೆ ನಿಲ್ಲಿಸುತ್ತಾರೆ. ಟ್ರಾಫಿಕ್ ಸಿಗ್ನಲ್ಲಿಗೆ ಅಲ್ಲಿ ರೋಬೋಟ್ ಅಂತಲೇ ಹೇಳುವುದು.

ನೂರ್ಡ್ ಸ್ಟ್ರೀಟಿನಂಥ ದೊಡ್ಡ ಟ್ಯಾಕ್ಸಿ ನಿಲ್ದಾಣಕ್ಕೆ ಮೊದಲ ಸಲ ಒಬ್ಬರೇ ಹೋಗಬೇಡಿ, ದಿನಾ ಓಡಾಡುವ ಸಹೋದ್ಯೋಗಿ ಜೊತೆಗಿರಲಿ. ಅಲ್ಲಿ ಮೊಬೈಲ್ ಹೊರಗೆ ತೆಗೆಯಬೇಡಿ. ಕತ್ತಲಾದ ಮೇಲೆ ಗಾಡಿಗಳೂ ಕಮ್ಮಿ, ಆಗ ಬೇಡ. ವ್ಯಾನು ತುಂಬುವವರೆಗೆ ನಿಲ್ದಾಣದಿಂದ ಹೊರಡುವುದಿಲ್ಲ, ಮಧ್ಯಾಹ್ನ ಹೊರಟರೆ ಕಾಯುವ ತಾಳ್ಮೆ ಬೇಕು.

ಬೆಂಗಳೂರಿಗೆ ಇದು ಬೇಕೇ ಎಂಬ ನಿಮ್ಮ ಎರಡನೇ ಪ್ರಶ್ನೆಗೆ ಬರುವ ಮೊದಲು ಅಲ್ಲಿ ಇದು ಹೇಗೆ ಹುಟ್ಟಿತು ನೋಡಿ. ವರ್ಣಭೇದದ ಸರ್ಕಾರ ಕಪ್ಪು ಜನರನ್ನು ನಗರದಿಂದಾಚೆ ಸೊವೆಟೊದಂಥ ಕಡೆ ಇರಿಸಿತು, ಅವರು ದುಡಿಯಲು ಮಾತ್ರ ನಗರಕ್ಕೆ ಬರಬೇಕಿತ್ತು. ಇದ್ದ ಬಸ್ಸು ರೈಲು ಸಾಲುತ್ತಿರಲಿಲ್ಲ. ಕಪ್ಪು ಜನರೇ ಸಾಲಸೋಲ ಮಾಡಿ ವ್ಯಾನು ಕೊಂಡು ತಮ್ಮವರನ್ನು ಸಾಗಿಸತೊಡಗಿದರು. ಅನುಮತಿ ಸಿಗುವುದೇ ಕಷ್ಟವಿದ್ದ ಕಾಲ ಅದು. 1988ರಲ್ಲಿ ಸರ್ಕಾರ ಕಾನೂನು ಬದಲಿಸಿ ಮಿನಿಬಸ್ಸುಗಳಿಗೆ ಬಾಗಿಲು ತೆರೆಯಿತು, ಪರ್ಮಿಟ್ಟುಗಳನ್ನು ಹಂಚಿತು. ಆದರೆ ಯಾವ ದಾರಿಯಲ್ಲಿ ಎಷ್ಟು ಗಾಡಿ, ಜಗಳವಾದರೆ ತೀರ್ಮಾನ ಯಾರದು ಎಂಬುದನ್ನು ನೋಡಿಕೊಳ್ಳಲು ಗಟ್ಟಿ ವ್ಯವಸ್ಥೆಯನ್ನೇ ಮಾಡಲಿಲ್ಲ. ಆ ಜಾಗವನ್ನು ಮಾಲೀಕರ ಸಂಘಗಳು ತುಂಬಿದವು. ರೂಟಿಗಾಗಿ ಬಂದೂಕು ಹಿಡಿದು ಹೊಡೆದಾಡಿದರು. 1990ರ ದಶಕದ ಆ ಟ್ಯಾಕ್ಸಿ ಯುದ್ಧಗಳಲ್ಲಿ ಡ್ರೈವರುಗಳೂ ಪ್ರಯಾಣಿಕರೂ ಸತ್ತರು. ಇವತ್ತಿಗೂ ಅದು ಪೂರ್ತಿ ನಿಂತಿಲ್ಲ.

ಬಸ್ಸಿಗೆ, ರೈಲಿಗೆ ಅಲ್ಲಿನ ಸರ್ಕಾರ ಸಬ್ಸಿಡಿ ಕೊಡುತ್ತದೆ. ಜನರನ್ನು ಹೊರುವ ಟ್ಯಾಕ್ಸಿಯ ಓಡಾಟಕ್ಕೆ ಅಂಥದ್ದಿಲ್ಲ. ಹಳೆಯ ಗಾಡಿ ಗುಜರಿಗೆ ಹಾಕಿದರೆ ಒಂದಿಷ್ಟು ಹಣ ಕೊಡುವ ಯೋಜನೆ 2006ರಲ್ಲಿ ಶುರುವಾಯಿತು, ಅಷ್ಟೇ. ಬಹುಪಾಲು ಡ್ರೈವರುಗಳು ಮಾಲೀಕರಿಗೆ ಇಂತಿಷ್ಟು ಎಂದು ಕಟ್ಟಿ, ಉಳಿದದ್ದರಲ್ಲಿ ಬದುಕಬೇಕು. ಅವರು ರಸ್ತೆಯಂಚಿನ ಹಳದಿ ಗೆರೆಯಾಚೆ ನುಗ್ಗುವುದು, ಸಿಗ್ನಲ್ ಹಾರಿಸುವುದು, ಎದೆ ಝಲ್ಲೆನ್ನುವಂತೆ ಓಡಿಸುವುದು ಎಲ್ಲಾ ಈ ಲೆಕ್ಕದಿಂದಲೇ. ಡ್ರೈವರುಗಳ ಸ್ವಭಾವವೇ ಹಾಗೆ ಎಂದು ಬೈಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಬೇರೆ ದಾರಿ ಇದೆ ಎನ್ನುವುದಕ್ಕೂ ಅದೇ ಊರಿನಲ್ಲಿ ಸಾಕ್ಷಿ ಇದೆ. 2009ರಲ್ಲಿ ರಿಯಾ ವಾಯಾ ಎಂಬ ಬಸ್ಸುಗಳು ಪ್ರತ್ಯೇಕ ಪಥದಲ್ಲಿ ಓಡತೊಡಗಿದಾಗ ಟ್ಯಾಕ್ಸಿಯವರು ಜೋರಾಗಿ ವಿರೋಧಿಸಿದರು. ಮಾತುಕತೆ ಬಹಳ ಕಾಲ ನಡೆಯಿತು. ಕೊನೆಗೆ ಆ ದಾರಿಗಳ ಟ್ಯಾಕ್ಸಿ ಮಾಲೀಕರೇ ಬಸ್ ಓಡಿಸುವ ಕಂಪನಿಗೆ ಪಾಲುದಾರರಾದರು.

ಈಗ ಬೆಂಗಳೂರು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮ್ಯಾಕ್ಸಿ ಕ್ಯಾಬ್ ಎಂದರೆ ಡ್ರೈವರನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡರವರೆಗೆ ಪ್ರಯಾಣಿಕರು ಕೂರುವ ಬಾಡಿಗೆ ಗಾಡಿ. ಅದು ಇಡಿಯಾಗಿ ಬಾಡಿಗೆಗೆ ಹೋಗಬೇಕು. ದಾರಿಯಲ್ಲಿ ನಿಲ್ಲಿಸಿ ತಲೆಗಿಷ್ಟು ಎಂದು ಹತ್ತಿಸಿಕೊಳ್ಳಲು ಬೇರೆಯೇ ಪರ್ಮಿಟ್ ಬೇಕು. ಈ ನಿಯಮ ಸಡಿಲಿಸಿ ಎಂದು ಕೇಳುವವರಿದ್ದಾರೆ, ಮೆಟ್ರೊ ಸ್ಟೇಷನ್ನಿನಿಂದ ಬಡಾವಣೆಯ ಒಳಗಿನ ಸಣ್ಣ ರಸ್ತೆಗಳಿಗೆ ಇಂಥ ವ್ಯಾನು ಬಂದರೆ ನನಗೂ ಸಂತೋಷ. ಆದರೆ ದೊಡ್ಡ ರಸ್ತೆಗಳಲ್ಲಿ ಬಿಎಂಟಿಸಿ ಬಸ್ಸೇ ಹೆಚ್ಚಾಗಲಿ. ವ್ಯಾನು ಬಿಡುವುದಾದರೆ ರೂಟಿಗೆ ಎಷ್ಟು ಗಾಡಿ ಎಂದು ನಗರವೇ ನಿಗದಿ ಮಾಡಬೇಕು, ಡ್ರೈವರಿಗೆ ತಿಂಗಳ ಸಂಬಳ ಇರಬೇಕು, ಮತ್ತು ಇವೆರಡನ್ನೂ ಮೊದಲ ಪರ್ಮಿಟ್ ಕೊಡುವ ಮುಂಚೆಯೇ ಬರೆದಿಡಬೇಕು. ರೂಟುಗಳು ಒಮ್ಮೆ ಸಂಘಗಳ ಕೈಸೇರಿದ ಮೇಲೆ ವಾಪಸ್ ಪಡೆಯಲು ಜೋಹಾನ್ಸ್‌ಬರ್ಗ್ ಇನ್ನೂ ಹೆಣಗಾಡುತ್ತಿದೆ.